ಮೊದಲು ಇಸಿಜಿ, ಆಮೇಲೆ ಹೆದ್ದಾರಿ

2025ರ ಜೂನ್ ಕೊನೆಯ ವಾರ. ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಓಡುತ್ತಿದ್ದ ದಿನಗಳು. ಪುಣೆಯ ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನನಗೆ ರಾತ್ರಿ ಪಾಳಿ. ಮನೆಯಿಂದ ಹೊರಡುವಾಗ, 9.40ಕ್ಕೆ, ಊರಿನಿಂದ ಸೋದರಮಾವನ ಮಗ ಫೋನ್ ಮಾಡಿದ.

'ಬಾವ, ಅಪ್ಪಂಗೆ ಎದೆ ಹಿಡ್ಕೊಂಡಂಗೆ ಆಯ್ತೈತಂತೆ. ಮೈಯೆಲ್ಲ ಬೆವರು.'

'ಎಷ್ಟೊತ್ತಾಯ್ತೋ?'

'ಏಳೂವರೆಯಿಂದ. ಗ್ಯಾಸ್ ಅಂದ್ಕೊಂಡು ಸೋಡಾ ಕುಡುದ್ರು. ಆಮೇಲೆ ಕ್ಲಿನಿಕ್ಕಿಗೆ ಕರ್ಕೊಂಡೋಗಿದ್ದೆ, ಒಂದು ಇಂಜೆಕ್ಷನ್ ಹಾಕಿ ಕಳ್ಸಿದ್ರು.'

ಕ್ಲಿನಿಕ್ಕಿನಲ್ಲಿ ಇಸಿಜಿ ಮಾಡಿರಲಿಲ್ಲ, ಅಲ್ಲಿ ಇಸಿಜಿ ಯಂತ್ರವೇ ಇಲ್ಲ. ಮಾವನಿಗೆ 61 ವರ್ಷ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಇಷ್ಟು ಕೇಳಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಮನೆಯಲ್ಲಿ ಆಸ್ಪಿರಿನ್ ಇದ್ದರೆ ಅಗಿದು ನುಂಗಿಸು ಅಂದೆ. ಆಮೇಲೆ, 'ಎಲ್ಲೂ ನಿಲ್ಲಬೇಡ, ಸೀದಾ ಹಾಸನಕ್ಕೆ ಹೊರಡು' ಎಂದೆ. ಈ ಕೊನೆಯ ಮಾತಿನ ಬಗ್ಗೆಯೇ ಈ ಲೇಖನ.

ನಮ್ಮೂರಿನಿಂದ ತಾಲ್ಲೂಕು ಆಸ್ಪತ್ರೆ ಆರು ಕಿಲೋಮೀಟರ್. ಹಾಸನ ಅರವತ್ತು. ಪಕ್ಕದ ಮನೆಯವರ ಕಾರು ಸಿಕ್ಕಿ ಹೊರಟಾಗ 10.15. ಮಳೆ. ಹಾಸನದ ಖಾಸಗಿ ಆಸ್ಪತ್ರೆಯೊಂದನ್ನು ತಲುಪಿದಾಗ 11.45. ಹತ್ತು ನಿಮಿಷದಲ್ಲಿ ಇಸಿಜಿ ಆಯಿತು. ನನ್ನ ಮೊಬೈಲಿಗೆ ಬಂದ ಆ ಚಿತ್ರದಲ್ಲಿ ಹೃದಯದ ಮುಂಭಾಗದ ದೊಡ್ಡ ರಕ್ತನಾಳ ಪೂರ್ತಿ ಮುಚ್ಚಿದ ಗುರುತು ಎದ್ದು ಕಾಣುತ್ತಿತ್ತು. ಕ್ಯಾಥ್‌ಲ್ಯಾಬ್ ತಂಡ ಮನೆಯಿಂದ ಬಂದು, ಸಹಿ, ಮುಂಗಡ ಎಲ್ಲ ಮುಗಿದು, ಸ್ಟೆಂಟ್ ಹಾಕಿ ರಕ್ತನಾಳ ತೆರೆದಾಗ 1.15. ನೋವು ಶುರುವಾಗಿ ಐದು ಮುಕ್ಕಾಲು ಗಂಟೆ. ಅಲ್ಲಿ ಯಾರೂ ತಡ ಮಾಡಲಿಲ್ಲ, ಅವರು ಮಾಡಬೇಕಾದ್ದನ್ನೇ ಮಾಡಿದರು. ತಡವಾದದ್ದು ಅದಕ್ಕೆ ಮುಂಚೆ.

ಮಾವ ಉಳಿದರು. ಆದರೆ ಮೂರನೆಯ ದಿನದ ಎಕೋದಲ್ಲಿ ಹೃದಯದ ಪಂಪಿಂಗ್ ಶಕ್ತಿ 35 ಪರ್ಸೆಂಟ್. ಆರೋಗ್ಯವಂತರಲ್ಲಿ ಅದು 55ರ ಮೇಲಿರುತ್ತದೆ. ದಿನಕ್ಕೆ ಎರಡು ಸಲ ತೋಟ ಸುತ್ತುತ್ತಿದ್ದ ಮನುಷ್ಯ ಈಗ ಮೋಟಾರ್ ಮನೆಯವರೆಗೆ ಹೋಗಿ ಅಲ್ಲೇ ಕೂತು ಬರುತ್ತಾರೆ.

ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಹೋಗು ಎಂದು ನಾನೇಕೆ ಹೇಳಿದೆ? ಪುಣೆಯಲ್ಲಿ ನಾನು ಕೆಲಸ ಮಾಡುವ ಜಾಗದಿಂದ ಕ್ಯಾಥ್‌ಲ್ಯಾಬ್ ಎರಡು ಮಹಡಿ ಮೇಲಿದೆ. ಎದೆನೋವಿನ ರೋಗಿ ಬಂದರೆ ಇಸಿಜಿ ತೆಗೆದು ಲಿಫ್ಟ್ ಒತ್ತುವುದು ನನ್ನ ಅಭ್ಯಾಸ. ಹೃದಯಾಘಾತವೆಂದರೆ ಆಂಜಿಯೋಪ್ಲಾಸ್ಟಿ, ಇಂಜೆಕ್ಷನ್ ಎಂದರೆ ಬಡವರಿಗೆ ಕೊಡುವ ಎರಡನೇ ದರ್ಜೆಯ ಮದ್ದು ಎಂಬ ಭಾವನೆ ನಗರದ ವೈದ್ಯರ ಮನಸ್ಸಿನಲ್ಲಿ ಗೊತ್ತಿಲ್ಲದೆಯೇ ಕೂತಿರುತ್ತದೆ. ಕರ್ನಾಟಕ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ತಂದದ್ದು ನಾನು ಪತ್ರಿಕೆಯಲ್ಲಿ ಓದಿದ್ದ ಸಂಗತಿಯೇ. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೆ ಅಪ್ಪು ಹೋದ ದಿನ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳು ಹೇಗಿದ್ದವು ಎಂಬುದೂ ನೆನಪಿದೆ. ಅವರ ಹೆಸರಿನ ಯೋಜನೆ ಮಾತ್ರ ಆ ರಾತ್ರಿ ನೆನಪಿಗೆ ಬರಲಿಲ್ಲ.

ಈಗ ಲೆಕ್ಕ ನೋಡೋಣ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2025ರ ಫೆಬ್ರುವರಿಯಲ್ಲಿ ಹೃದಯಾಘಾತದ ಚಿಕಿತ್ಸೆಗೆ ಹೊಸ ಮಾರ್ಗಸೂಚಿ ಹೊರಡಿಸಿದವು. ಎದೆನೋವಿನ ರೋಗಿ ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಅದೇ ಆಸ್ಪತ್ರೆಯಲ್ಲಿ ಕ್ಯಾಥ್‌ಲ್ಯಾಬ್ ಇದ್ದರೆ 90 ನಿಮಿಷದೊಳಗೆ ರಕ್ತನಾಳ ತೆರೆಯಬೇಕು. ಬೇರೆಡೆಗೆ ಕಳಿಸಬೇಕಾದರೆ 120 ನಿಮಿಷ. ಅದಕ್ಕಿಂತ ತಡವಾಗುವ ಅಂದಾಜಿದ್ದರೆ, ನೋವು ಶುರುವಾಗಿ 12 ಗಂಟೆ ಆಗಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಆಮೇಲೆ ಕಳಿಸಬೇಕು. ಯುರೋಪಿನ 2023ರ ಮಾರ್ಗಸೂಚಿ ಇನ್ನೂ ಬಿಗಿ: ಇಸಿಜಿ ನೋಡಿ ಗೊತ್ತಾದ ಹತ್ತು ನಿಮಿಷದೊಳಗೆ ಇಂಜೆಕ್ಷನ್ ದೇಹದೊಳಗಿರಬೇಕು.

ಈ 120 ನಿಮಿಷವನ್ನು ರಸ್ತೆಯ ಅಳತೆ ಎಂದುಕೊಳ್ಳುವುದೇ ನಾವು ಮಾಡುವ ತಪ್ಪು. ಅರವತ್ತು ಕಿಲೋಮೀಟರ್, ಒಂದೂಕಾಲು ಗಂಟೆ, ಆಗುತ್ತದೆ ಬಿಡು ಅನ್ನಿಸುತ್ತದೆ. ವಾಹನ ಹುಡುಕುವ ಅರ್ಧ ಗಂಟೆ, ರಾತ್ರಿ ತಂಡ ಬರುವ ಮುಕ್ಕಾಲು ಗಂಟೆ, ಕಾಗದಪತ್ರದ ಹೊತ್ತು ಆ ಲೆಕ್ಕದಲ್ಲಿ ಸೇರುವುದಿಲ್ಲ. ನನ್ನ ಫೋನ್ ಕರೆಯಿಂದ ರಕ್ತನಾಳ ತೆರೆಯುವವರೆಗೆ ಆದದ್ದು 215 ನಿಮಿಷ. ತಾಲ್ಲೂಕು ಆಸ್ಪತ್ರೆಗೆ ಬೈಕಿನಲ್ಲೋ ಆಟೊದಲ್ಲೋ ಹೋಗಿದ್ದರೂ 10.10ಕ್ಕೆ ಇಸಿಜಿ, 10.30ಕ್ಕೆ ಇಂಜೆಕ್ಷನ್. ಮದ್ದು ಕೆಲಸ ಮಾಡಲು ಅರ್ಧ ಮುಕ್ಕಾಲು ಗಂಟೆ ಹಿಡಿದರೂ ಸುಮಾರು ಎರಡು ಗಂಟೆ ಉಳಿಯುತ್ತಿತ್ತು. ಅದರಿಂದ ಎಕೋದ 35 ಎಷ್ಟಾಗುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಆ ಎರಡು ಗಂಟೆಯಲ್ಲಿ ಸತ್ತದ್ದು ಹೃದಯದ ಸ್ನಾಯು ಎಂಬುದು ವೈದ್ಯನಾದ ನನಗೆ ಗೊತ್ತು.

ಇಂಜೆಕ್ಷನ್ ನಿಜಕ್ಕೂ ಎರಡನೇ ದರ್ಜೆಯೇ? 2013ರಲ್ಲಿ ಪ್ರಕಟವಾದ ಸ್ಟ್ರೀಮ್ ಎಂಬ ಅಧ್ಯಯನ ಇದನ್ನೇ ಪರೀಕ್ಷಿಸಿತು. ನೋವು ಶುರುವಾಗಿ ಮೂರು ಗಂಟೆಯೊಳಗೆ ಸಿಕ್ಕ, ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದ 1892 ರೋಗಿಗಳು. ಅರ್ಧದಷ್ಟು ಜನರಿಗೆ ಮೊದಲು ಟೆನೆಕ್ಟೆಪ್ಲೇಸ್, ಆಮೇಲೆ ಆಂಜಿಯೋಗ್ರಾಮ್. ಇನ್ನರ್ಧಕ್ಕೆ ನೇರ ಆಂಜಿಯೋಪ್ಲಾಸ್ಟಿ. ಮೂವತ್ತು ದಿನದಲ್ಲಿ ಸಾವು, ಶಾಕ್, ಹೃದಯ ವೈಫಲ್ಯ, ಮತ್ತೊಂದು ಆಘಾತ ಇವೆಲ್ಲ ಸೇರಿ ಮೊದಲ ಗುಂಪಿನಲ್ಲಿ ಶೇ 12.4, ಎರಡನೆಯದರಲ್ಲಿ ಶೇ 14.3. ಹೆಚ್ಚು ಕಡಿಮೆ ಸಮ. ಆದರೆ ಇಂಜೆಕ್ಷನ್ ಪಡೆದವರಲ್ಲಿ ಸುಮಾರು ಶೇ 36 ಜನರಿಗೆ ಅದು ಸಾಲದೆ ತುರ್ತಾಗಿ ಆಂಜಿಯೋಗ್ರಾಮ್ ಬೇಕಾಯಿತು. ಹಾಗಾಗಿ ಇಂಜೆಕ್ಷನ್ ಕೊಟ್ಟು ವಾರ್ಡಿನಲ್ಲಿ ಮಲಗಿಸಿ, ನೋವು ಹೋಯಿತೆಂದು ಮನೆಗೆ ಕಳಿಸುವುದು ಚಿಕಿತ್ಸೆಯಲ್ಲ. ಕೊಟ್ಟ ಕೂಡಲೇ ಆಂಬುಲೆನ್ಸ್ ಹೊರಡಬೇಕು. 60ರಿಂದ 90 ನಿಮಿಷದಲ್ಲಿ ಮತ್ತೊಂದು ಇಸಿಜಿ ತೆಗೆದು ಎಸ್‌ಟಿ ಏರಿಕೆ ಅರ್ಧದಷ್ಟಾದರೂ ಇಳಿದಿದೆಯೇ ನೋಡಬೇಕು. ಇಳಿಯದಿದ್ದರೆ ತಕ್ಷಣ ಕ್ಯಾಥ್‌ಲ್ಯಾಬ್. ಇಳಿದಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಮ್.

ನೆರೆಯ ತಮಿಳುನಾಡು ಇದನ್ನು ನಮ್ಮ ನೆಲದಲ್ಲೇ ಮಾಡಿ ತೋರಿಸಿತು. ಸಣ್ಣ ಆಸ್ಪತ್ರೆಗಳನ್ನು ಕ್ಯಾಥ್‌ಲ್ಯಾಬ್ ಇರುವ ದೊಡ್ಡ ಆಸ್ಪತ್ರೆಗಳಿಗೆ ಜೋಡಿಸಿದ ಮೇಲೆ ಆಂಜಿಯೋಗ್ರಾಮ್ ಆಗುವವರ ಪ್ರಮಾಣ ಶೇ 35ರಿಂದ ಶೇ 60ಕ್ಕೆ ಏರಿತು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ ಶೇ 14.2ಕ್ಕೆ ಇಳಿಯಿತು. 2017ರಲ್ಲಿ ಪ್ರಕಟವಾದ ಈ ಅಂಕಿಗಳ ಹಿಂದೆ ಹೊಸ ಮದ್ದೇನೂ ಇರಲಿಲ್ಲ, ಇದ್ದದ್ದು ಫೋನು, ಆಂಬುಲೆನ್ಸು, ಒಪ್ಪಂದ. 2023ರಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಎದೆನೋವಿನವರಿಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಸೇರಿ 14 ಮಾತ್ರೆಗಳನ್ನು ಕೊಟ್ಟು ಮುಂದೆ ಕಳಿಸುತ್ತಾರೆ.

2008ರಲ್ಲಿ 'ಲ್ಯಾನ್ಸೆಟ್' ಪ್ರಕಟಿಸಿದ ಕ್ರಿಯೇಟ್ ಸಮೀಕ್ಷೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಹಿಡಿದ ಮಧ್ಯಮ ಅವಧಿ 360 ನಿಮಿಷ. ಆಸ್ಪತ್ರೆಯೊಳಗೆ ಹೋದ ಮೇಲೆ ಇಂಜೆಕ್ಷನ್ನಿಗೆ ಹಿಡಿದದ್ದು 50. ಆಸ್ಪತ್ರೆಯ ಒಳಗಿನ 50 ನಿಮಿಷವನ್ನು 30ಕ್ಕೆ ಇಳಿಸಲು ನಾವು ಸಭೆ ಮೇಲೆ ಸಭೆ ಮಾಡುತ್ತೇವೆ. ಹೊರಗಿನ 360 ಯಾರ ಜವಾಬ್ದಾರಿ?

ಸಮ್ಮೇಳನಗಳಲ್ಲಿ ಚರ್ಚೆಯಾಗುವ ಹೊಸ ಸಂಗತಿಗಳು ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಶಾಕ್‌ಗೆ ಹೋದ ಆಯ್ದ ರೋಗಿಗಳಲ್ಲಿ ಹೃದಯದೊಳಗೆ ಕೂರಿಸುವ ಸಣ್ಣ ಪಂಪು ಜೀವ ಉಳಿಸುತ್ತದೆ ಎಂದು 2024ರಲ್ಲಿ ಡೇಂಜರ್ ಶಾಕ್ ಅಧ್ಯಯನ ತೋರಿಸಿತು. ಪಂಪಿಂಗ್ ಶಕ್ತಿ ಚೆನ್ನಾಗಿರುವವರಿಗೆ ಬೀಟಾ ಬ್ಲಾಕರ್ ಮಾತ್ರೆ ಬೇಕೇ ಬೇಡವೇ ಎಂಬ ಬಗ್ಗೆ 2025ರಲ್ಲಿ ಒಂದೇ ಸಮ್ಮೇಳನದಲ್ಲಿ ಎರಡು ಅಧ್ಯಯನಗಳು ಎರಡು ರೀತಿ ಹೇಳಿದವು. ರೀಬೂಟ್ ಲಾಭವಿಲ್ಲ ಎಂದಿತು, ಬೆಟಾಮಿ-ಡ್ಯಾನ್‌ಬ್ಲಾಕ್ ಸ್ವಲ್ಪ ಲಾಭವಿದೆ ಎಂದಿತು. ಕುತೂಹಲದಿಂದ ಓದಿದೆ. ಓದಿ ಮುಗಿಸಿದಾಗ ಹೊಳೆದದ್ದು, ಮಾವನಿಗೆ ಈ ಚರ್ಚೆಯೇ ಅನ್ವಯಿಸುವುದಿಲ್ಲ. 35 ಇರುವವರು ಆ ಮಾತ್ರೆ ನುಂಗಲೇಬೇಕು.

ಹಬ್ಬಕ್ಕೆ ಊರಿಗೆ ಹೋದಾಗ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಇಸಿಜಿ ಯಂತ್ರ ಇತ್ತು. ತೆಗೆದ ಕೂಡಲೇ ಅದು ಇಂಟರ್‌ನೆಟ್ ಮೂಲಕ ಹೋಗಿ, ಕೆಲವೇ ನಿಮಿಷದಲ್ಲಿ ತಜ್ಞರ ಉತ್ತರ ಬರುತ್ತದೆ. ಫ್ರಿಜ್ಜಿನಲ್ಲಿ ಇಂಜೆಕ್ಷನ್ ಇತ್ತು, ಜೂನ್‌ನಲ್ಲಿಯೂ ಇತ್ತಂತೆ. ಟೆನೆಕ್ಟೆಪ್ಲೇಸನ್ನು ನಮ್ಮ ದೇಶದಲ್ಲಿ ತಯಾರಿಸುವ ಕಂಪನಿಗಳಲ್ಲಿ ಒಂದಾದ ಜೆನ್ನೋವಾ ಇರುವುದು ಪುಣೆಯಲ್ಲೇ. ಪುಣೆಯ ಮದ್ದು ಊರಿಗೆ ತಲುಪುವ ಕಾಲದಲ್ಲಿ ಪುಣೆಯ ವೈದ್ಯನ ಸಲಹೆ ಮಾತ್ರ ಹಳೆಯದಾಗಿತ್ತು.

ಪಾಳಿಯಲ್ಲಿದ್ದವರು ಮೂವತ್ತರೊಳಗಿನ ಹುಡುಗ. ಇಂಜೆಕ್ಷನ್ ಕೊಡಲು ಹಿಂಜರಿಕೆ ಇದೆಯಾ ಎಂದು ಕೇಳಿದೆ. 'ಕೊಡೋದಕ್ಕೇನಿಲ್ಲ ಸರ್, ಐದು ಸೆಕೆಂಡಿನ ಕೆಲಸ. ಕೊಟ್ಟ ಮೇಲೆ ತಲೆಯಲ್ಲಿ ರಕ್ತಸ್ರಾವ ಆದ್ರೆ ಹೊರಗೆ ನಿಂತಿರೋ ಐವತ್ತು ಜನಕ್ಕೆ ನಾನೊಬ್ಬನೇ ಉತ್ತರ ಹೇಳ್ಬೇಕು. ರೆಫರ್ ಅಂತ ಬರೆದ್ರೆ ಯಾರೂ ಏನೂ ಕೇಳಲ್ಲ' ಎಂದರು.

ಆ ಭಯ ಸುಳ್ಳಲ್ಲ. ಸ್ಟ್ರೀಮ್ ಅಧ್ಯಯನದಲ್ಲಿ ನೂರಕ್ಕೆ ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. 75 ದಾಟಿದವರಿಗೆ ಮದ್ದಿನ ಪ್ರಮಾಣವನ್ನು ಅರ್ಧಕ್ಕಿಳಿಸಿದ ಮೇಲೆ ಅದು ಇನ್ನೂರಕ್ಕೆ ಒಬ್ಬರಾಯಿತು. 2023ರ ಸ್ಟ್ರೀಮ್-2 ಅಧ್ಯಯನ 60 ದಾಟಿದವರಿಗೇ ಅರ್ಧ ಪ್ರಮಾಣ ಕೊಟ್ಟು ನೋಡಿತು. ಹೆಪ್ಪು ಚೆನ್ನಾಗಿಯೇ ಕರಗಿತು, ಆದರೂ ಸುಮಾರು 400 ಜನರಲ್ಲಿ ಆರು ಮಂದಿಗೆ ಮಿದುಳಿನ ರಕ್ತಸ್ರಾವವಾಯಿತು. ಆ ಆರರಲ್ಲಿ ಮೂವರ ವಿಷಯದಲ್ಲಿ ನಿಯಮ ತಪ್ಪಿತ್ತು: ಹೆಪ್ಪುಗಟ್ಟದಿರುವ ಮದ್ದು ಹೆಚ್ಚಾದದ್ದು, ಬಿಪಿ ಹತೋಟಿಗೆ ತರದೆ ಕೊಟ್ಟದ್ದು. ನನ್ನ ಮಾವನ ವಯಸ್ಸಿನವರಿಗೆ ಎಷ್ಟು ಕೊಡಬೇಕು ಎಂಬುದು ಹೀಗಾಗಿ ಇನ್ನೂ ಚರ್ಚೆಯ ವಿಷಯ. ಆ ಹುಡುಗ ರಾತ್ರಿ ಹನ್ನೊಂದಕ್ಕೆ ಅದನ್ನು ಒಬ್ಬನೇ ತೀರ್ಮಾನಿಸಬೇಕಾಗಬಾರದು. ಕೇಂದ್ರದಲ್ಲಿ ಕೂತ ಹೃದ್ರೋಗ ತಜ್ಞರು 'ಇದು ಸ್ಟೆಮಿ' ಎಂದು ಬರೆದು ಕಳಿಸಿದರೆ ಸಾಲದು. 'ಹಿಂದೆ ಪಾರ್ಶ್ವವಾಯು ಆಗಿದೆಯೇ, ತಲೆಗೆ ಪೆಟ್ಟು ಬಿದ್ದಿದೆಯೇ, ಎರಡು ಕೈಯ ಬಿಪಿ ನೋಡಿದಿರಾ, ಸರಿ, ಇಷ್ಟು ಮಿಲಿಗ್ರಾಂ ಕೊಡಿ, ತೀರ್ಮಾನ ನನ್ನದು' ಎಂದು ಫೋನಿನಲ್ಲಿ ಹೇಳಿ ಹೆಸರು ಬರೆಸಬೇಕು. ಆಗ ಐವತ್ತು ಜನರ ಮುಂದೆ ಇಬ್ಬರು ನಿಂತಂತಾಗುತ್ತದೆ. ಯೋಜನೆಯ ಯಶಸ್ಸನ್ನು ಎಷ್ಟು ಇಸಿಜಿ ತೆಗೆದರು ಎಂಬುದರಿಂದ ಅಳೆಯುವುದನ್ನು ಬಿಟ್ಟು, ಸ್ಟೆಮಿ ಎಂದು ಗೊತ್ತಾದವರಲ್ಲಿ ಎಷ್ಟು ಜನರಿಗೆ ಮೂವತ್ತು ನಿಮಿಷದೊಳಗೆ ಇಂಜೆಕ್ಷನ್ ಸಿಕ್ಕಿತು, ಅವರಲ್ಲಿ ಎಷ್ಟು ಜನ 24 ಗಂಟೆಯೊಳಗೆ ಆಂಜಿಯೋಗ್ರಾಮ್ ಮೇಜಿಗೆ ಬಂದರು ಎಂದು ತಾಲ್ಲೂಕುವಾರು ಪ್ರಕಟಿಸಿದರೆ ಚಿತ್ರ ಬೇರೆಯೇ ಕಾಣಬಹುದು.

ಇನ್ನು ಹಾಸನದ ಭೀತಿಯ ವಿಷಯ. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು, ಹಲವರು 45ರೊಳಗಿನವರು. ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು. ಜಯದೇವ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಒಟ್ಟು 24 ಸಾವುಗಳನ್ನು ಪರಿಶೀಲಿಸಿ, 20 ಹೃದಯಕ್ಕೆ ಸಂಬಂಧಿಸಿದ್ದು ಎಂದಿತು. ಜಿಲ್ಲೆಯಲ್ಲಿ ಅಸಹಜ ಏರಿಕೆ ಅದಕ್ಕೆ ಕಾಣಲಿಲ್ಲ. ಸತ್ತವರಲ್ಲಿ ಆಟೊ, ಕ್ಯಾಬ್ ಚಾಲಕರು ಎದ್ದು ಕಾಣುವಷ್ಟಿದ್ದರು. ಲಸಿಕೆಯ ಮೇಲೆ ಅನುಮಾನ ಎದ್ದಾಗ, 18ರಿಂದ 45 ವರ್ಷದವರ ಹಠಾತ್ ಸಾವಿನ ಬಗ್ಗೆ ಐಸಿಎಂಆರ್ 2023ರಲ್ಲೇ ಪ್ರಕಟಿಸಿದ್ದ ಅಧ್ಯಯನ ಮತ್ತೆ ಮುನ್ನೆಲೆಗೆ ಬಂತು. 47 ಆಸ್ಪತ್ರೆಗಳ 729 ಸಾವುಗಳನ್ನು ನೋಡಿದ ಅದು ಲಸಿಕೆ ಅಪಾಯವನ್ನು ಹೆಚ್ಚಿಸಿಲ್ಲ ಎಂದಿತ್ತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆಯಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಯಲ್ಲಿ ಅತಿಯಾದ ಕುಡಿತ ಅಥವಾ ಅತಿ ಶ್ರಮ, ಇವು ಅಪಾಯ ಹೆಚ್ಚಿಸಿದ ಕಾರಣಗಳು. ಇಷ್ಟಾದರೂ ವಾಟ್ಸಾಪಿನಲ್ಲಿ ಲಸಿಕೆಯ ಮಾತು ನಿಂತಿಲ್ಲ, ಅದು ಬೇರೆ ಮಾತು.

ಆ ಚರ್ಚೆಯಲ್ಲಿ ಎರಡು ಬೇರೆ ಬೇರೆ ಘಟನೆಗಳು ಒಂದೇ ಹೆಸರಿನಲ್ಲಿ ಕಲಸಿಹೋದವು. ಹೃದಯಾಘಾತದಲ್ಲಿ ರಕ್ತನಾಳ ಮುಚ್ಚುತ್ತದೆ, ರೋಗಿ ನೋವು ಎಂದು ಹೇಳಬಲ್ಲ, ನಮಗೆ ಗಂಟೆಗಳಿರುತ್ತವೆ. ಹೃದಯ ಸ್ತಂಭನದಲ್ಲಿ ಬಡಿತವೇ ನಿಲ್ಲುತ್ತದೆ, ಮನುಷ್ಯ ಕುಸಿದು ಬೀಳುತ್ತಾನೆ, ಇರುವುದು ನಿಮಿಷಗಳು ಮಾತ್ರ. ಬಸ್ ನಿಲ್ದಾಣದಲ್ಲಿ ಕುಸಿದ ಯುವಕನಿಗೆ ತಾಲ್ಲೂಕಿನ ಇಂಜೆಕ್ಷನ್ ಆಗಲಿ ಹಾಸನದ ಕ್ಯಾಥ್‌ಲ್ಯಾಬ್ ಆಗಲಿ ತಕ್ಷಣ ಉಪಯೋಗಕ್ಕೆ ಬಾರದು. ಪಕ್ಕದಲ್ಲಿದ್ದವನು ಎದೆಯ ನಡುವೆ ಎರಡೂ ಅಂಗೈ ಊರಿ, ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎಇಡಿ ಯಂತ್ರ ಹತ್ತಿರವಿದ್ದರೆ ತರಿಸಬೇಕು. ಬಾಯಿಗೆ ಬಾಯಿ ಇಡಲು ಮುಜುಗರವಿದ್ದರೆ ಒತ್ತುವುದಷ್ಟನ್ನೇ ಮಾಡಿದರೂ ಸಾಕು ಎಂದು ನಮ್ಮ ದೇಶದ ಪುನಶ್ಚೇತನ ಪರಿಷತ್ತು 2017ರಿಂದಲೂ ಹೇಳಿಕೊಡುತ್ತಿದೆ. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಸರ್ಕಾರದ ಗಮನಕ್ಕೆ ತರಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂಬ ತೀರ್ಮಾನ ಹಾಸನದ ನಂತರ ಬಂದದ್ದು ಒಳ್ಳೆಯದೇ. ಆದರೆ ಅದು ಮುಂದಿನವರಿಗೆ. ಬಿದ್ದವನಿಗೆ ಬೇಕಾದದ್ದು ಪಕ್ಕದವನ ಎರಡು ಕೈ.

ಮತ್ತೆ ಫೋನಿಗೆ ಬರುತ್ತೇನೆ. ಮುಂಬೈ, ಪುಣೆ, ಹೈದರಾಬಾದ್, ದೆಹಲಿಯಲ್ಲಿರುವ ನಮ್ಮಂಥವರಿಗೆ ಊರಿನಿಂದ ರಾತ್ರಿ ಹತ್ತಕ್ಕೆ ಕರೆ ಬರುತ್ತದೆ. ಓದಿದವನು, ದೊಡ್ಡ ಊರಿನಲ್ಲಿರುವವನು ಎಂಬ ಕಾರಣಕ್ಕೆ ನಮ್ಮ ಮಾತು ನಡೆಯುತ್ತದೆ. ವೈದ್ಯರಲ್ಲದವರ ಮಾತೂ ನಡೆಯುತ್ತದೆ. ಆಗ ನಾವು ಸಾಮಾನ್ಯವಾಗಿ ಯೋಚಿಸುವುದು ಒಳ್ಳೆಯ ಆಸ್ಪತ್ರೆ ಯಾವುದು, ಯಾರ ಪರಿಚಯ ಇದೆ, ಹಣ ಯಾವ ನಂಬರಿಗೆ ಹಾಕಬೇಕು ಎಂದು. ಕೇಳಬೇಕಾದ್ದು ಬೇರೆ. ನೋವು ಎಷ್ಟು ಗಂಟೆಗೆ ಶುರುವಾಯಿತು? ಹತ್ತಿರದಲ್ಲಿ ಈಗ, ಈ ಹೊತ್ತಿನಲ್ಲಿ, ಇಸಿಜಿ ತೆಗೆಯುವ ಜಾಗ ಯಾವುದು? ಅಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆಯೇ? ಇವನ್ನು ರಾತ್ರಿ ಹತ್ತಕ್ಕೆ ವಿಚಾರಿಸಲು ಆಗುವುದಿಲ್ಲ. ಊರಿಗೆ ಹೋದಾಗ ಒಂದು ಮಧ್ಯಾಹ್ನ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬರಬೇಕು. ಇಸಿಜಿಯ ಚಿತ್ರ ಮೊಬೈಲಿಗೆ ಬಂದ ಮೇಲೆ ಹಾಸನವೋ ಮೈಸೂರೋ ಬೆಂಗಳೂರೋ ಎಂದು ಮಾತಾಡಬಹುದು, ಅಷ್ಟರಲ್ಲಿ ಮದ್ದು ಕೆಲಸ ಮಾಡುತ್ತಿರುತ್ತದೆ.

ನಮ್ಮ ಮನೆಯಲ್ಲಿ ಅತ್ತೆ ಕ್ಯಾಲೆಂಡರ್ ಹಿಂದೆ ತಾಲ್ಲೂಕು ಆಸ್ಪತ್ರೆಯ ನಂಬರ್ ಬರೆದು ತೂಗುಹಾಕಿದ್ದಾರೆ. ಅದರ ಕೆಳಗೆ 108. ನನ್ನ ನಂಬರ್ ಮೂರನೆಯದು. ಮೊದಲು ಅದು ಮೇಲಿತ್ತು, ನಾನೇ ಕೆಳಗೆ ಬರೆಸಿದೆ.